ಕಣ್ಣಿಲ್ಲದ ಗಿಳಿಗಳ ಪೆಟ್ಟಿಗೆ

ನಾಳೆ ಸಂಕ್ರಾಂತಿ. ಪ್ರವಚನ ಕೇಳಲು ಇಲ್ಲಿ ಕೂತ ತಾಯಂದಿರಲ್ಲಿ ಅರ್ಧ ಮಂದಿಯ ಮನಸ್ಸು ಇಲ್ಲಿಲ್ಲ, ಮನೆಯ ಒಲೆಯ ಮೇಲಿದೆ. ತಪ್ಪು ಅನ್ನುವುದಿಲ್ಲ. ಕುಸುರೆಳ್ಳು ಮಾಡುವುದು ಅವಸರದ ಕೆಲಸವಲ್ಲ. ಸಣ್ಣ ಕೆಂಡದ ಮೇಲೆ ತಟ್ಟೆ ಇಟ್ಟು, ಎಳ್ಳಿನ ಮೇಲೆ ಸಕ್ಕರೆ ಪಾಕವನ್ನು ಹನಿಹನಿಯಾಗಿ ಬಿಟ್ಟು, ಬೆರಳಿನಿಂದ ಆಡಿಸುತ್ತ ಕೂತರೆ ಎರಡು ಮೂರು ದಿನಕ್ಕೆ ಒಂದೊಂದು ಕಾಳಿಗೂ ಬಿಳಿ ಮುಳ್ಳು ಏಳುತ್ತದೆ. ಇಷ್ಟು ಕಷ್ಟಪಟ್ಟು ಮಾಡುತ್ತೀರಿ. ಮಾಡಿ, ಯಾರಿಗೆ ಕೊಡುತ್ತೀರಿ? ಈ ಪ್ರಶ್ನೆ ಸ್ವಲ್ಪ ಹೊತ್ತು ನಿಮ್ಮ ಹತ್ತಿರವೇ ಇರಲಿ. ಕೊನೆಗೆ ಕೇಳುತ್ತೇನೆ. ಮೊದಲು ಒಂದು ಕಥೆ.

ಒಂದೂರಿನಲ್ಲಿ ಒಬ್ಬನಿದ್ದ, ಬಹಳ ಶ್ರೀಮಂತ. ಎಷ್ಟು ಎಕರೆ ಹೊಲ ಅಂತ ಕೇಳಬೇಡಿ, ಒಂದು ಗುಂಟೆಯೂ ಇರಲಿಲ್ಲ. ಆತನ ಶ್ರೀಮಂತಿಕೆ ಇದ್ದದ್ದು ಬಲಗೈಯ ಮೂರು ಬೆರಳಿನಲ್ಲಿ. ಆತ ಚಿತ್ರಗಾರ. ಕಟ್ಟಿಗೆಯ ತೊಟ್ಟಿಲು, ದೇವರ ಪೀಠ, ಮದುವೆಯ ಮಣೆ, ಇವಕ್ಕೆ ಬಣ್ಣ ಬರೆಯುವ ಮನೆತನ. ಚಳಿಗಾಲ ಬಂತೆಂದರೆ ಉಳಿದ ಕೆಲಸವೆಲ್ಲ ಬದಿಗೆ. ಯಾಕೆಂದರೆ ಆ ಸೀಮೆಯಲ್ಲಿ ಒಂದು ಪದ್ಧತಿ ಇತ್ತು. ಹೆಣ್ಣುಮಗಳನ್ನು ಮದುವೆ ಮಾಡಿಕೊಟ್ಟ ಮೊದಲ ಸಂಕ್ರಾಂತಿಗೆ ತವರಿನವರು ಬಣ್ಣ ಬರೆದ ಸಣ್ಣ ಪೆಟ್ಟಿಗೆಯಲ್ಲಿ ಕುಸುರೆಳ್ಳು ತುಂಬಿ ಕೊಡಬೇಕು. ಎಳ್ಳಿನ ಪೆಟ್ಟಿಗೆ ಎಂದರೆ ಸುತ್ತಲಿನ ಹತ್ತೂರಿನವರೂ ಇವನ ಬಾಗಿಲಿಗೇ ಬರಬೇಕು.

ಕಥೆಗೆ ಒಂದು ಹೆಸರು ಬೇಕಲ್ಲ, ಏಕಪ್ಪ ಅನ್ನೋಣ. ಆತನಿಗೆ ಒಬ್ಬಳೇ ತಂಗಿ, ಫಕೀರವ್ವ. ಹೆತ್ತವರು ಬೇಗ ಹೋದರು. ಏಳು ವರ್ಷದ ತಂಗಿಯನ್ನು ಏಕಪ್ಪನೇ ಸಾಕಿದ. ಉಣಿಸಿದ, ಎಣ್ಣೆ ಹಚ್ಚಿ ತಲೆ ಬಾಚಿದ, ಜಡೆ ಹಾಕಿದ. ನೋಡಿ, ಆ ಜಡೆಯೂ ಬಳ್ಳಿ ಬರೆದ ಹಾಗೆ ಸಮ ಬರಬೇಕು ಆತನಿಗೆ. ಒಂದು ಎಳೆ ಆಚೀಚೆ ಆದರೆ ಬಿಚ್ಚಿ ಮತ್ತೆ ಹಾಕುವನು. ಹುಡುಗಿ ಅಳುವಳು. "ಸಾಕೋ ಅಣ್ಣಾ, ನೆತ್ತಿ ಉರೀತೈತಿ" ಅನ್ನುವಳು. "ಸ್ವಲ್ಪ ತಡಿ, ಸೊಟ್ಟ ಆಗೇತಿ" ಅನ್ನುವನು ಆತ. ಪ್ರೀತಿ ಇರಲಿಲ್ಲವೆ? ಬೆಟ್ಟದಷ್ಟಿತ್ತು. ಆದರೆ ಆ ಪ್ರೀತಿಗೆ ಸೊಟ್ಟ ಅಂದರೆ ಆಗುತ್ತಿರಲಿಲ್ಲ.

ಆ ಮನೆಯಲ್ಲಿ ಹೆಣ್ಣುಮಕ್ಕಳ ಕೆಲಸ ಹುಣಸೆಬೀಜ ನೆನೆಹಾಕಿ ರುಬ್ಬಿ ಅಂಟು ಮಾಡುವುದು, ಬಿಳಿಕಲ್ಲು ಕುಟ್ಟಿ ಪುಡಿ ಮಾಡುವುದು, ಎರಡನ್ನೂ ಕಲಸಿ ಕಟ್ಟಿಗೆಗೆ ಬಳಿಯುವುದು. ಬಣ್ಣದ ಕುಂಚ ಗಂಡಸರ ಕೈಯಲ್ಲಿ. ಫಕೀರವ್ವ ಸುಮ್ಮನೆ ಬಳಿದಳು, ರುಬ್ಬಿದಳು. ಹದಿನಾರು ತುಂಬಿದ ಮೇಲೆ ಎಲ್ಲಿಂದಲೋ ಅಳಿಲಿನ ಬಾಲದ ಒಂದಿಷ್ಟು ಕೂದಲು ತಂದು, ಕಡ್ಡಿಗೆ ಕಟ್ಟಿ, ತನಗೆ ತಾನೇ ಒಂದು ಕುಂಚ ಮಾಡಿಕೊಂಡಳು. ಮದುವೆ ಗೊತ್ತಾದ ವರ್ಷ ಅಣ್ಣ ಇವಳ ಎಳ್ಳಿನ ಪೆಟ್ಟಿಗೆಗೆ ಮೈ ಬಳಿದು ಒಣಗಲು ಇಟ್ಟಿದ್ದ. ಆತ ಸಂತೆಗೆ ಹೋದ ದಿನ ಇವಳು ಅದರ ಮುಚ್ಚಳದ ಮೇಲೆ ಒಂದು ಗಿಳಿ ಬರೆದಳು. ಒಂದೇ ಗಿಳಿ. ಅಣ್ಣ ಬಂದು ನೋಡಿದ. ಏನೂ ಅನ್ನಲಿಲ್ಲ. ಅಣ್ಣ ಏನೂ ಅನ್ನಲಿಲ್ಲವೆಂದರೆ ಒಪ್ಪಿದ ಅಂತ ತಿಳಿದುಕೊಂಡು ಆಕೆ ಗಂಡನ ಮನೆಗೆ ಹೋದಳು.

ಮೊದಲ ಸಂಕ್ರಾಂತಿ ಬಂತು. ಗಂಡ, ಅತ್ತೆ, ನಾಲ್ಕು ಮಂದಿ ಬೀಗರು, ಎಲ್ಲರೂ ಫಕೀರವ್ವನ ಜೊತೆ ಏಕಪ್ಪನ ಮನೆಗೆ ಬಂದರು. ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಬದನೆಕಾಯಿ ಪಲ್ಯ, ಮಾದಲಿ, ಊಟ ಮುಗಿಯಿತು. ಏಕಪ್ಪ ಪೆಟ್ಟಿಗೆ ತಂದು ತಂಗಿಯ ಮಡಿಲಲ್ಲಿ ಇಟ್ಟ. ಎಂಥ ಪೆಟ್ಟಿಗೆ! ಬೀಗರು ಕಣ್ಣು ಮಿಟುಕಿಸಲಿಲ್ಲ. ಸುತ್ತ ಕೆಂಪು ಹೂವಿನ ಬಳ್ಳಿ, ಮೂಲೆಗೊಂದು ನವಿಲು, ಮುಚ್ಚಳದ ನಡುವೆ ಹಸಿರು ಗಿಳಿ, ಗೆರೆಯೆಂದರೆ ಕೂದಲ ಮೇಲೆ ಕೂದಲು ಇಟ್ಟಂತೆ.

ಫಕೀರವ್ವ ಮುಚ್ಚಳದ ಮೇಲೆ ಕೈಯಾಡಿಸಿದಳು. ಆಮೇಲೆ ತಲೆ ಎತ್ತಿದಳು.

"ಅಣ್ಣಾ, ನನ್ನ ಗಿಳಿ ಎಲ್ಲಿ?"

"ಯಾವ ಗಿಳಿ?"

"ನಾ ಬರೆದದ್ದು."

ಏಕಪ್ಪ ನಕ್ಕ. "ಅದಾ? ಅದು ಗಿಳಿಯೇನವ್ವಾ, ಕುತ್ತಿಗಿ ಮುರಿದ ಕೋಳಿಮರಿ ಆಗಿತ್ತು. ಬೀಗರ ಮುಂದ ಮರ್ಯಾದಿ ಹೋದೀತು ಅಂತ ಕೆರೆದು ಬ್ಯಾರೆ ಬರೆದೆ."

ಬೀಗರೆಲ್ಲ ಗೊಳ್ಳೆಂದು ನಕ್ಕರು. ಅತ್ತೆಗೆ ನಕ್ಕು ನಕ್ಕು ಕೆಮ್ಮು ಬಂತು. ಗಂಡನೂ ನಕ್ಕ. ಫಕೀರವ್ವನೂ ನಕ್ಕಳು. ಹೊರಡುವ ಹೊತ್ತಿಗೆ ಎಲ್ಲರ ಕೈಗೂ ತಟ್ಟೆಯಲ್ಲಿದ್ದ ಎಳ್ಳು ಕೊಟ್ಟಳು, ಅತ್ತಿಗೆಯ ಕಾಲು ಮುಟ್ಟಿದಳು, ಚಕ್ಕಡಿ ಹತ್ತಿದಳು. ಚಕ್ಕಡಿ ಓಣಿ ದಾಟಿದ ಮೇಲೆ ಏಕಪ್ಪನ ಹೆಂಡತಿ ನೀಲವ್ವ ನೋಡುತ್ತಾಳೆ, ಪೆಟ್ಟಿಗೆ ಹೊಸ್ತಿಲ ಒಳಗೆ, ಗೋಡೆಗೆ ಮುಖ ಮಾಡಿ ಕೂತಿದೆ. ತುಂಬಿದ ಎಳ್ಳು ತುಂಬಿದ ಹಾಗೇ ಇದೆ.

ಅಷ್ಟೇ. ಜಗಳ ಇಲ್ಲ, ಬೈದಾಟ ಇಲ್ಲ. ಬೈದಾಡಿದ್ದರೆ ಚೆನ್ನಾಗಿತ್ತು. ಬೈದಾಡಿದವರು ಮರುದಿನ ನೀರು ತರುವ ಬಾವಿಯ ಹತ್ತಿರ ಮುಖ ನೋಡಿ ಮಾತಾಡಲೇಬೇಕಾಗುತ್ತದೆ. ಸುಮ್ಮನಾದವರನ್ನು ಮಾತಾಡಿಸುವವರು ಯಾರು? ಫಕೀರವ್ವ ಮತ್ತೆ ತವರಿಗೆ ಬರಲಿಲ್ಲ. ಪಂಚಮಿಗೆ ಬರಲಿಲ್ಲ, ದೀಪಾವಳಿಗೆ ಬರಲಿಲ್ಲ. ಏಕಪ್ಪನೂ ಕರೆಯಲು ಹೋಗಲಿಲ್ಲ. "ಬಾಣಂತಿತನ ಬರಲಿ, ತಾನ ಬರ್ತಾಳ" ಅಂದ. ಆಕೆಗೆ ಮಕ್ಕಳಾಗಲಿಲ್ಲ. ಆರು ವರ್ಷ ಹೋಯಿತು.

ಆರನೆಯ ವರ್ಷ ಚಳಿ ಜೋರು. ಒಣ ಗಾಳಿಗೆ ಹಳೆಯ ಬಣ್ಣ ಬಿರುಕು ಬಿಡುತ್ತದೆ. ತಂಗಿ ಬಿಟ್ಟುಹೋದ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟಿದ್ದರು, ನೀಲವ್ವ ಏನೋ ಹುಡುಕಲು ಹೋಗಿ ಅದನ್ನು ಇಳಿಸಿದಳು. ಏಕಪ್ಪ ಬಿಸಿಲಿಗೆ ಹಿಡಿದು ನೋಡಿದ. ಮುಚ್ಚಳದ ಮೇಲಿನ ಆತನ ಗಿಳಿ ಹಪ್ಪಳದಂತೆ ಎದ್ದಿತ್ತು. ಉಗುರು ತಾಗಿಸಿದರೆ ಬಿದ್ದೇ ಹೋಯಿತು. ಅದರ ಕೆಳಗೆ, ಅವಸರದಲ್ಲಿ ಕೆರೆದಾಗ ಉಳಿದುಹೋದ ಹಸಿರು. ತಂಗಿಯ ಹಸಿರು. ಕುತ್ತಿಗೆ, ಕೊಕ್ಕು, ಬೆನ್ನಿನ ಒಂದಿಷ್ಟು. ಆತ ತಿರುಗಿಸಿ ತಿರುಗಿಸಿ ನೋಡಿದ.

ಆ ಕುತ್ತಿಗೆ ಸೊಟ್ಟ ಆಗಿರಲಿಲ್ಲ.

ಗಿಳಿ ಹಾರಿಹೋಗುತ್ತಿತ್ತು, ಹೋಗುತ್ತ ಹಿಂತಿರುಗಿ ನೋಡುತ್ತಿತ್ತು. ಹೊರಟು ನಿಂತ ಹುಡುಗಿ ಬರೆದ ಗಿಳಿ ಅದು. ಮನೆಯ ಕಡೆಗೆ ಮುಖ ತಿರುಗಿಸಿತ್ತು, ಬೇರೇನೂ ಇಲ್ಲ. ಮೂವತ್ತು ವರ್ಷ ಗಿಳಿ ಬರೆದವನಿಗೆ ಅದು ಕಾಣಲಿಲ್ಲ. ಯಾಕೆ ಕಾಣಲಿಲ್ಲ? ತಂಗಿಯ ಕೈ ತಪ್ಪು ಮಾಡುತ್ತದೆ ಅಂತ ನೋಡುವುದಕ್ಕೆ ಮೊದಲೇ ಗೊತ್ತು ಮಾಡಿಕೊಂಡಿದ್ದ.

ಏಕಪ್ಪ ಅವತ್ತು ಉಣ್ಣಲಿಲ್ಲ. ನೀಲವ್ವ ಕೇಳಿದಳು, "ಏನಾತು?" "ತಪ್ಪಾತು" ಅಂದ. "ಯಾರದು?" "ನಂದು." ಆಕೆ ತಡಮಾಡಲಿಲ್ಲ. "ಹಂಗಾದ್ರ ಏಳು. ಸಂಕ್ರಾಂತಿಗೆ ಹದಿನೈದು ದಿನ ಐತಿ ಅಂತ ಕಾಯಬ್ಯಾಡ. ಈಗ ಹೋಗಿ ಆಕಿ ಮುಂದ ಇದ ಮಾತ ಹೇಳಿ ಬಾ. ಅರ್ಧ ದಿನದ ಹಾದಿ."

ಎಂಥ ಬಂಗಾರದ ಮಾತು ನೋಡಿ. ಅರ್ಧ ದಿನದ ಹಾದಿ. ಎರಡಕ್ಷರದ ಮಾತು, 'ತಪ್ಪು.' ಹೋಗಿದ್ದರೆ ಅವತ್ತೇ ಮುಗಿಯುತ್ತಿತ್ತು, ನನಗೂ ಇವತ್ತು ಹೇಳಲು ಕಥೆ ಇರುತ್ತಿರಲಿಲ್ಲ. ಆದರೆ ಏಕಪ್ಪ ಅಂದ, "ಬರಿಗೈಲೆ ಹೆಂಗ ಹೋಗ್ಲಿ? ಆಕಿಗೆ ಒಂದು ಪೆಟ್ಟಿಗಿ ಬರೀತೀನಿ. ಅಂಥದ್ದು ನಾನೂ ಬರೆದಿರಬಾರದು, ನಮ್ಮಪ್ಪನೂ ಬರೆದಿರಬಾರದು."

ಬರೆದ. ಹಗುರ ಕಟ್ಟಿಗೆ ಆರಿಸಿ ತಂದ. ಅಂಟು ತಾನೇ ರುಬ್ಬಿದ. ಬಳಿದ, ಒಣಗಿಸಿದ, ಕಲ್ಲಿನಿಂದ ತಿಕ್ಕಿದ, ಮತ್ತೆ ಬಳಿದ. ಮುಂಬದಿಯ ಮೇಲೆ ಎರಡು ಗಿಳಿ. ಎರಡೂ ತಂಗಿ ಬರೆದ ಹಾಗೆ, ಹಾರುತ್ತ ಹಿಂತಿರುಗಿ ನೋಡುವ ಗಿಳಿ. ಅರ್ಧ ಮೈ ಪೆಟ್ಟಿಗೆಯ ಮೇಲೆ, ತಲೆ ಮುಚ್ಚಳದ ಮೇಲೆ, ಮುಚ್ಚಳ ಕೂಡುವ ಗೆರೆಯ ಮೇಲೆ ಸರಿಯಾಗಿ ಕುತ್ತಿಗೆ.

ಚಿತ್ರಗಾರರಲ್ಲಿ ಕಣ್ಣು ಕೊನೆಗೆ. ಎಲ್ಲ ಬಣ್ಣ ಮುಗಿದ ಮೇಲೆ ಕಣ್ಣು ಇಟ್ಟರೆ ಚಿತ್ರಕ್ಕೆ ಜೀವ ಬಂದ ಹಾಗೆ. ಏಕಪ್ಪ ಆ ಎರಡು ಗಿಳಿಗೆ ಕಣ್ಣು ಇಡಲಿಲ್ಲ. ಬೇಕೆಂದೇ ಇಡಲಿಲ್ಲ. ತಂಗಿ ಬಿಟ್ಟುಹೋಗಿದ್ದ ಅಳಿಲು ಕೂದಲಿನ ಕುಂಚವನ್ನು ಆತ ಜಂತಿಯಲ್ಲಿ ಸಿಕ್ಕಿಸಿ ಇಟ್ಟಿದ್ದ. ಬಣ್ಣ ಬರೆಯಲು ಮುಚ್ಚಳ ಹಾಕುವ ಮೊದಲೇ ಅದನ್ನು ತೆಗೆದು ಪೆಟ್ಟಿಗೆಯ ಒಳಗೆ ಇಟ್ಟಿದ್ದ. ಜೊತೆಗೆ ಒಂದು ಚಿಪ್ಪಿನಲ್ಲಿ ಒಣಗಿಸಿದ ಕಪ್ಪು ಬಣ್ಣ. ಮೇಲೆ ಎರಡು ಹಿಡಿ ಕುಸುರೆಳ್ಳು. ತಂಗಿ ತೆರೆದು ನೋಡಿದರೆ ಗೊತ್ತಾಗಬೇಕು, ಕಣ್ಣು ಇಡುವ ಕೈ ನಿನ್ನದು, ನಾನು ತಪ್ಪಿದೆ.

ಚಂದ ಇದೆಯಲ್ಲ? ಬಹಳ ಚಂದ. ಆದರೆ ತೆರೆದು ನೋಡಿದರೆ ತಾನೇ?

ಆ ಮನೆತನದಲ್ಲಿ ಇನ್ನೊಂದು ಪದ್ಧತಿ. ಬಳ್ಳಿ ತುಂಡಾಗಬಾರದು ಅಂತ ಮುಚ್ಚಳ ಹಾಕಿಯೇ ಬಣ್ಣ ಬರೆಯುತ್ತಾರೆ. ಮೇಲಿನ ಮೆರುಗು ಇನ್ನೂ ಸ್ವಲ್ಪ ಹಸಿ ಇರುವಾಗ ಸುತ್ತ ದಾರ ಎಳೆದು ಮುಚ್ಚಳ ಬಿಡಿಸಬೇಕು. ಅದಕ್ಕೆ ಬಾಯಿ ಬಿಡಿಸುವುದು ಅನ್ನುತ್ತಾರೆ. ಬಾಯಿ ಮುಚ್ಚಿದ ಕೈಯೇ ಬಿಡಿಸಬೇಕು, ಇನ್ನೊಬ್ಬರು ಮುಟ್ಟಿದರೆ ಚಿತ್ರ ಕೆಡಿಸಿದ ಹಾಗೆ. ಏಕಪ್ಪ ದಾರ ತೆಗೆದುಕೊಂಡು ಕೂತ. ಗಿಳಿಯ ಕುತ್ತಿಗೆಯ ಹತ್ತಿರ ಬಂದಾಗ ಕೈ ನಿಂತಿತು. ದಾರ ಎಳೆದರೆ ಅಲ್ಲಿ ಕೂದಲಷ್ಟು ಚಕ್ಕೆ ಎದ್ದೀತು. ಅಷ್ಟು ಚಂದದ ಗಿಳಿಗೆ ಚಕ್ಕೆ ಎದ್ದದ್ದು ತಂಗಿ ನೋಡಬೇಕೆ? ದಾರ ಕೆಳಗಿಟ್ಟ.

ನೀಲವ್ವ ಹೇಳಿದಳು, "ಬಾಯಿ ಬಿಡಿಸದ ಪೆಟ್ಟಿಗಿ ಯಾರರ ಕೊಡ್ತಾರೇನು?"

"ಆಕಿ ಚಿತ್ರಗಾರರ ಮನಿ ಮಗಳು. ಆಕಿಗೆ ಗೊತ್ತಾಗತೈತಿ. ತಾನ ಬಿಡಿಸ್ಕೊಂತಾಳ."

"ಹೋಗ್ಲಿ, ನೀನರ ಸಂಗಾಟ ಹೋಗು."

ಅದೂ ಆಗಲಿಲ್ಲ. ಹೋಗಿ ಬಾಗಿಲಲ್ಲಿ ನಿಂತರೆ ಬೀಗರು ಏನಂದಾರು? ಆರು ವರ್ಷ ಬರದವನು ಈಗ ಬಂದ ಅಂದಾರು. ತಂಗಿ ಮುಖ ತಿರುಗಿಸಿದರೆ? ಕ್ಷಮೆ ಕೇಳುವಾಗಲೂ ಆತನಿಗೆ ಮರ್ಯಾದೆ ಬೇಕು, ಪೆಟ್ಟಿಗೆಗೆ ಹೊಗಳಿಕೆ ಬೇಕು. ಊರೂರು ತಿರುಗುವ ಬಳೆಗಾರ ಒಬ್ಬನಿದ್ದ, ಬಾಯಿ ತುಂಬ ಮಾತಿನವನು. ಅವನ ಕೈಗೆ ಕೊಟ್ಟ.

ಬಳೆಗಾರ ಪೆಟ್ಟಿಗೆಯನ್ನು ಬಳೆಯ ಮಲಾರದ ನಡುವೆ ಜೋಪಾನವಾಗಿ ಇಟ್ಟುಕೊಂಡ. "ಏಕಪ್ಪಣ್ಣಾ, ಏನಂತ ಹೇಳ್ಲಿ ತಂಗೀಗೆ?"

"ಏನೂ ಹೇಳಬ್ಯಾಡ."

"ಏನರ ಒಂದು ಮಾತು ಕೊಡಪಾ. ಮಾತು ಹೊರಾಕ ಏನು ಭಾರ? ನನ್ನ ಬಳಿ ಒಡೆದಾವು, ಮಾತು ಒಡಿಯಂಗಿಲ್ಲ."

"ಪೆಟ್ಟಿಗೀನ ಎಲ್ಲಾ ಹೇಳತೈತಿ" ಅಂದ ಏಕಪ್ಪ.

ಪೆಟ್ಟಿಗೆ ಹೇಳುತ್ತದೆ. ಕೇಳಿದಿರಾ? ಪೆಟ್ಟಿಗೆ ಹೇಳುತ್ತದಂತೆ.

ನಾಲ್ಕು ದಿನಕ್ಕೆ ಬಳೆಗಾರ ತಿರುಗಿ ಬಂದ. ಏಕಪ್ಪ ಕುಂಚ ಕೆಳಗಿಟ್ಟು ಎದ್ದ. "ಏನಂದ್ಲು?"

"ನೋಡಿದ್ಲಪ್ಪಾ. ಬಹಳ ಹೊತ್ತು ನೋಡಿದ್ಲು. ಆಮ್ಯಾಲೆ ಗೂಡಿನಾಗ ಇಟ್ಲು. 'ನಮ್ಮಣ್ಣನ ಕೈ ಇನ್ನೂ ಚಲೋ ಐತಿ ಅಂತ ಹೇಳ್ರಿ' ಅಂದ್ಲು."

"ಮತ್ತೇನು?"

"ಮತ್ತೇನೂ ಇಲ್ಲ. ಮಜ್ಜಿಗಿ ಕೊಟ್ಲು."

ಏಕಪ್ಪನ ಮುಖ ಇಳಿಯಿತು. ಇಷ್ಟು ಮಾಡಿ ಕಳಿಸಿದೆ, ಕುಂಚ ಕಳಿಸಿದೆ, ಕಣ್ಣು ನಿನಗೇ ಬಿಟ್ಟೆ ಅಂದೆ. ಅದಕ್ಕೆ ಉತ್ತರ ಇಷ್ಟೇನಾ? ಆ ದಿನದಿಂದ ಆತನ ತಪ್ಪು ಆತನ ಸಿಟ್ಟಾಯಿತು. ನೋಡಿ, ಇದೊಂದು ವಿಚಿತ್ರ. ತಪ್ಪು ಮಾಡಿದವನಿಗೆ ಸಿಟ್ಟು ಮಾಡಿಕೊಳ್ಳಲು ಒಂದು ನೆವ ಸಿಕ್ಕರೆ ಎಷ್ಟು ಹಗುರಾಗುತ್ತಾನೆ! ವರ್ಷ ವರ್ಷ ಸಂಕ್ರಾಂತಿ ಬಂತು. ವರ್ಷ ವರ್ಷ ನೀಲವ್ವ ಒಂದು ಹಿಡಿ ಎಳ್ಳು ಬಟ್ಟೆಯಲ್ಲಿ ಕಟ್ಟಿ ಆತನ ಮುಂದೆ ಇಡುವಳು. "ಹೋಗಿ ಬಾ." "ನಾ ಕೇಳಿದ್ದಾತು. ಇನ್ನ ಆಕಿ ಬರಬೇಕು." ಗಂಟು ಬಿಚ್ಚಿ ಎಳ್ಳನ್ನು ಓಣಿಯ ಮಕ್ಕಳಿಗೆ ಹಂಚುವಳು. ಹೀಗೆ ಒಂದಲ್ಲ, ಎರಡಲ್ಲ, ಹನ್ನೊಂದು ಸಂಕ್ರಾಂತಿ.

ಹನ್ನೆರಡನೆಯದಕ್ಕೆ ಎಂಟು ದಿನ ಇರುವಾಗ ಬಳೆಗಾರ ಬಂದ. ಆ ಮಾತಿನಮಲ್ಲ ಅವತ್ತು ಮಲಾರ ಇಳಿಸಿ, ಕಟ್ಟೆಯ ಮೇಲೆ ಕೂತು ಮೊದಲು ನೀರು ಕುಡಿದ.

"ಏಕಪ್ಪಣ್ಣಾ, ನಿನ್ನ ತಂಗೀಗೆ ಹಬ್ಬದ ಬಳಿ ಇಡಾಕ ಹೋಗಿದ್ದೆ. ಎಡಗೈ ಕೊಟ್ಲು, ಇಟ್ಟೆ. ಬಲಗೈ ಕೊಡವ್ವಾ ಅಂದೆ. ಕೊಡಲಿಲ್ಲ. ಎತ್ತಾಕ ಬರವಲ್ದು. ಲಕ್ವಾ ಹೊಡದೈತಿ. ದೀಪಾವಳಿ ಆದ ಮ್ಯಾಗ ಅಂತ. ಮಾತೂ ಹೋಗೇತಿ."

ಏಕಪ್ಪ ಅವತ್ತೇ ಹೊರಟ. ಬರಿಗೈಯಲ್ಲಿ ಹೊರಟ. ಬರಿಗೈಯಲ್ಲಿ ಹೇಗೆ ಹೋಗಲಿ ಅಂದಿದ್ದನಲ್ಲ, ಅದು ನೆನಪಾದದ್ದು ಅರ್ಧ ಹಾದಿ ದಾಟಿದ ಮೇಲೆ.

ತಂಗಿಯ ಮನೆಯ ಕಟ್ಟೆಯ ಮೇಲೆ ಆಕೆಯ ಅತ್ತೆ ಕೂತಿದ್ದಳು. ಬೆನ್ನು ಬಾಗಿದ ಮುದುಕಿ, ಎಲೆಅಡಿಕೆ ಕುಟ್ಟುತ್ತಿದ್ದಳು. ಕೈಯನ್ನು ಹಣೆಗೆ ಅಡ್ಡ ಹಿಡಿದು ನೋಡಿದಳು.

"ಯಾರು? ಬೀಗರೇನು? ಹಾದಿ ಗೊತ್ತಾತೇನು? ನಾವೆಲ್ಲ ತಿಳಕೊಂಡಿದ್ವಿ ಈ ಊರು ಎಲ್ಲೋ ಹೋಗಿಬಿಟ್ಟೈತಿ ಅಂತ."

ಏಕಪ್ಪ ಚಪ್ಪಲಿ ಬಿಟ್ಟು ಕಟ್ಟೆಯ ಕೆಳಗೇ ನಿಂತ.

"ಬಾ ಒಳಗ. ನಿಂತ್ಯಾಕ? ಬೈಸಿಕೊಳ್ಳೋದಾದ್ರೂ ಕೂತ್ಕೊಂಡು ಬೈಸ್ಕೋ."

ಒಳಗೆ ಕಂಬಕ್ಕೆ ಒರಗಿ ಫಕೀರವ್ವ ಕೂತಿದ್ದಳು. ತಲೆ ಅರ್ಧ ಬೆಳ್ಳಗಾಗಿತ್ತು. ಬಾಯಿ ಒಂದು ಕಡೆ ಇಳಿದಿತ್ತು. ಅಣ್ಣನನ್ನು ನೋಡಿದಳು. ಏನೋ ಹೇಳಲು ಹೋದಳು, ಗಂಟಲಿನಿಂದ ಒಂದು ದನಿ ಬಂತು, ಮಾತಾಗಲಿಲ್ಲ. ಆಮೇಲೆ ಎಡಗೈ ಎತ್ತಿ ಗೋಡೆಯ ಗೂಡಿನ ಕಡೆ ತೋರಿಸಿದಳು.

ಗೂಡಿನಲ್ಲಿ ಪೆಟ್ಟಿಗೆ. ಧೂಳಿಲ್ಲ, ಕಲೆ ಇಲ್ಲ. ಕಳಿಸಿದ ದಿನದ ಹಾಗೇ ಇದೆ. ಬಾಯಿ ಮುಚ್ಚಿದೆ.

ಏಕಪ್ಪ ಮುಚ್ಚಳದ ಗೆರೆಯ ಮೇಲೆ ಬೆರಳಾಡಿಸಿದ. "ತಗದ ಇಲ್ಲೇನು? ಹನ್ನೊಂದು ವರ್ಷ... ತಗದ ನೋಡಿಲ್ಲೇನು?"

ಮುದುಕಿ ಹೇಳಿದಳು. "ಮೊದಲನೇ ದಿನ ಅತ್ತಳು ನೋಡಪಾ. 'ಅತ್ತಿ, ಕಣ್ಣಿಲ್ಲದ ಗಿಳಿ ಕಳಿಸ್ಯಾನ, ನಿನಗ ಗಿಳಿ ಅಂದ್ರ ಏನು ಕಾಣತೈತಿ ಅಂತ ಹಂಗಿಸ್ಯಾನ' ಅಂದ್ಲು. ಮರುವರ್ಷ ಸಂಕ್ರಾಂತಿಗೆ ಒರೆಸಾಕ ಇಳಿಸಿದಾಗ ಒಳಗ ಏನೋ ಸಪ್ಪಳಾತು. ಕಿವಿ ಹತ್ರ ಹಿಡಿದು ಅಲ್ಲಾಡಿಸಿದ್ಲು. 'ಅತ್ತಿ, ಒಳಗ ಎಳ್ಳು ಐತಿ, ಮತ್ತೇನೋ ಐತಿ' ಅಂದ್ಲು. ತಗೀಯವ್ವಾ ಅಂದೆ. 'ಬ್ಯಾಡ. ಮುಚ್ಚಿದವ್ರ ಬಿಡಿಸಬೇಕು, ನಮ್ಮ ಮನಿ ಪದ್ಧತಿ. ನಾ ಬಿಡಿಸಾಕ ಹೋದ್ರ ಗಿಳಿ ಕುತ್ತಿಗಿ ಚಕ್ಕಿ ಏಳತೈತಿ. ನಮ್ಮಣ್ಣ ಮತ್ತ ಕೆಡಿಸಿದಿ ಅಂತಾನ. ಅವನ ಬರ್ತಾನ, ಅವನ ಬಿಡಿಸ್ತಾನ' ಅಂದ್ಲು. ವರ್ಷಾ ಸಂಕ್ರಾಂತಿಗೆ ಇಳಿಸೋದು, ಒರೆಸೋದು, ಕಿವಿಗೆ ಹಿಡಿದು ಒಂದು ಸಲ ಅಲ್ಲಾಡಿಸೋದು, ನಗೋದು, ಮತ್ತ ಇಡೋದು. ಅದರ ಮ್ಯಾಗ ಒಂದು ಹಿಡಿ ಎಳ್ಳು ಇಡೋದು, ನಿನಗಂತ." ಮುದುಕಿ ಕುಟ್ಟಾಣಿ ಬದಿಗಿಟ್ಟಳು. "ಅವತ್ತ ನಿನ್ನ ಮನ್ಯಾಗ ನಾನೂ ನಕ್ಕಿದ್ದೆ, ತಮ್ಮಾ. ಸುಳ್ಳ್ಯಾಕ ಹೇಳ್ಲಿ."

ಅವಳು ಇವನ ದಾರಿ ಕಾಯುತ್ತಿದ್ದಳು. ಇವನು ಅವಳ ಉತ್ತರ ಕಾಯುತ್ತಿದ್ದ. ನಡುವೆ ಅರ್ಧ ದಿನದ ಹಾದಿ. ಆ ಹಾದಿಯಲ್ಲಿ ಹನ್ನೊಂದು ವರ್ಷ ಒಂದು ಹೆಜ್ಜೆ ಬೀಳಲಿಲ್ಲ.

ಏಕಪ್ಪ ಪೆಟ್ಟಿಗೆ ಇಳಿಸಿದ. ಹಸಿ ಇದ್ದಾಗ ದಾರಕ್ಕೆ ಬಿಡುತ್ತಿದ್ದ ಬಾಯಿ ಈಗ ಕಲ್ಲಾಗಿತ್ತು. ಮುದುಕಿಯ ಅಡಿಕೆ ಕತ್ತರಿಸುವ ಚೂರಿ ಕೇಳಿ ತೆಗೆದುಕೊಂಡ. ಸುತ್ತ ಚೂರಿ ಆಡಿಸಿದ. ಗಿಳಿಗಳ ಕುತ್ತಿಗೆಯ ಮೇಲೆ ಬಂದಾಗ ಈ ಸಲ ಕೈ ನಿಲ್ಲಲಿಲ್ಲ. ಚಕ್ಕೆ ಎದ್ದವು, ಹಸಿರು ಪುಡಿಯಾಗಿ ನೆಲಕ್ಕೆ ಬಿತ್ತು. ಕೂದಲಷ್ಟು ಚಕ್ಕೆ ಏಳಬಾರದು ಅಂದಿದ್ದವನು ಉಗುರಿನಷ್ಟು ಚಕ್ಕೆ ಎಬ್ಬಿಸಿದ. ಮುಚ್ಚಳ ಬಂತು.

ಎಳ್ಳು ಹಳದಿಯಾಗಿ, ಅಂಟಿಕೊಂಡು, ಒಂದು ಗಡ್ಡೆಯಾಗಿತ್ತು. ಅದರ ಕೆಳಗೆ ಕುಂಚ. ಕೂದಲಿಗೆ ಹುಳ ಬಿದ್ದು ಐದಾರು ಎಳೆ ಉಳಿದಿದ್ದವು. ಚಿಪ್ಪಿನ ಕಪ್ಪು ಬಣ್ಣ ಮಾತ್ರ ಹಾಗೇ ಇತ್ತು.

ಫಕೀರವ್ವ ಕುಂಚ ನೋಡಿದಳು. ಕಣ್ಣಿಲ್ಲದ ಗಿಳಿಗಳನ್ನು ನೋಡಿದಳು. ಮತ್ತೆ ಕುಂಚ ನೋಡಿದಳು. ಆಗ ಆಕೆಗೆ ತಿಳಿಯಿತು. ಹನ್ನೊಂದು ವರ್ಷದ ಮೇಲೆ ತಿಳಿಯಿತು. ಅಣ್ಣನ ಮುಖದ ಮೇಲೆ ಎಡಗೈ ಇಟ್ಟಳು.

"ತಪ್ಪಾತವ್ವಾ" ಅಂದ ಏಕಪ್ಪ. "ನಿನ್ನ ಗಿಳಿ ಹಿಂದಕ್ಕ ತಿರುಗಿ ನೋಡತಿತ್ತು. ನನಗ ಕಾಣಲಿಲ್ಲ."

ಹೇಳಿದ್ದು ಇಷ್ಟೇ. ಎಷ್ಟು ಹೊತ್ತು ಹಿಡಿಯಿತು? ಒಂದು ಗುಟುಕು ನೀರು ಕುಡಿಯುವಷ್ಟು ಹೊತ್ತು. ಆಕೆಯ ಬಾಯಿಂದ ಏನು ಉತ್ತರ ಬರುತ್ತಿತ್ತು? ಬೈಯುತ್ತಿದ್ದಳೋ, ನಗುತ್ತಿದ್ದಳೋ, 'ಈಗ ಗೊತ್ತಾತೇನೋ ಅಣ್ಣಾ' ಅನ್ನುತ್ತಿದ್ದಳೋ? ಅದು ಏಕಪ್ಪನಿಗೆ ಗೊತ್ತಾಗಲೇ ಇಲ್ಲ. ಮಾತಿದ್ದಾಗ ಆತ ಬರಲಿಲ್ಲ. ಆತ ಬಂದಾಗ ಮಾತಿರಲಿಲ್ಲ.

ಚಿಪ್ಪಿಗೆ ಎರಡು ಹನಿ ನೀರು ಬಿಟ್ಟ. ಬಣ್ಣ ಕರಗಿತು. ಕುಂಚವನ್ನು ತಂಗಿಯ ಎಡಗೈಗೆ ಕೊಟ್ಟ. ಮಣಿಕಟ್ಟು ಹಿಡಿಯಲು ಹೋದ. ಆಕೆ ತಲೆ ಅಲ್ಲಾಡಿಸಿದಳು, ಬೇಡ ಅಂತ. ತಾನೇ ಇಟ್ಟಳು. ಎಡಗೈ, ಅಭ್ಯಾಸ ಇಲ್ಲದ ಕೈ. ಕುಂಚ ನಡುಗಿತು. ಕಣ್ಣು ಇರಬೇಕಾದಲ್ಲಿ ಬೀಳಲಿಲ್ಲ, ಕೊಕ್ಕಿನ ಹತ್ತಿರ ಜಾರಿ ಒಂದು ಬಾಲ ಎಳೆದುಕೊಂಡು ನಿಂತಿತು. ಒಳ್ಳೆ ಸೊಟ್ಟ ಕಣ್ಣು.

ಮುದುಕಿ ಬಗ್ಗಿ ನೋಡಿದಳು. "ಅಯ್ಯ, ಮೆಳ್ಳಗಣ್ಣಿನ ಗಿಳಿ ಆತಲ್ಲಾ!"

ಫಕೀರವ್ವ ನಕ್ಕಳು, ಅರ್ಧ ಬಾಯಿಂದ. ಏಕಪ್ಪನ ಹತ್ತಿರ ಒದ್ದೆ ಬಟ್ಟೆ ಇತ್ತು. ಒರೆಸಿದರೆ ಹೋಗುತ್ತಿತ್ತು. ಎರಡು ಗಳಿಗೆಯಲ್ಲಿ ಆತ ಕೂದಲ ಮೇಲೆ ಕೂದಲು ಇಟ್ಟಂಥ ಕಣ್ಣು ಬರೆಯಬಹುದಿತ್ತು. ಬರೆಯಲಿಲ್ಲ, ಒರೆಸಲೂ ಇಲ್ಲ. "ಚಲೋ ಆಗೇತಿ" ಅಂದ. "ಒಣಗ್ಲಿ, ಮುಟ್ಟಬ್ಯಾಡ್ರಿ" ಅಂದ.

ಎರಡನೆಯ ಗಿಳಿಗೆ ಕಣ್ಣು ಇಡುವಷ್ಟರಲ್ಲಿ ಆಕೆಯ ಕೈ ಸೋತಿತು. ಕುಂಚ ಕೆಳಗಿಟ್ಟು ಸನ್ನೆ ಮಾಡಿದಳು. ಮುದುಕಿ ಅರ್ಥ ಹೇಳಿದಳು, "ಬರೋ ಸಂಕ್ರಾಂತಿಗಂತ." ಏಕಪ್ಪ ಆ ವರ್ಷ ತಿಂಗಳಿಗೆ ಎರಡು ಸಲ ಹೋದ. ಬರಿಗೈಯಲ್ಲೇ ಹೋದ, ಹೋಗಿ ಪಕ್ಕದಲ್ಲಿ ಕೂತ, ಊರ ಸುದ್ದಿ ಹೇಳಿದ, ಬೆನ್ನಿಗೆ ಹರಡಿದ ಕೂದಲು ಬಾಚಿ ಜಡೆ ಹಾಕಿದ. ಸೊಟ್ಟಾದರೂ ಬಿಚ್ಚಲಿಲ್ಲ. ಮಾರ್ಗಶಿರದ ಚಳಿಯಲ್ಲಿ ಫಕೀರವ್ವ ತೀರಿಕೊಂಡಳು. ಸಂಕ್ರಾಂತಿಗೆ ಇನ್ನೂ ಒಂದು ತಿಂಗಳಿತ್ತು.

ಆ ಪೆಟ್ಟಿಗೆ ಏಕಪ್ಪನ ಮನೆಗೆ ಬಂತು. ಕುತ್ತಿಗೆಗೆ ಚಕ್ಕೆ ಎದ್ದ ಎರಡು ಗಿಳಿ. ಒಂದು ಸೊಟ್ಟ ಕಣ್ಣಿನಿಂದ ಹಿಂತಿರುಗಿ ನೋಡುತ್ತದೆ. ಇನ್ನೊಂದಕ್ಕೆ ಕಣ್ಣಿಲ್ಲ. ಎಷ್ಟೋ ಜನ ಕೇಳಿದರು, "ಏಕಪ್ಪಾ, ನಿನ್ನಂಥ ಕೈಗಾರ ಇದಕ್ಕೊಂದು ಕಣ್ಣು ಇಡಬಾರದೇನು?" ಆತ ಇಡಲಿಲ್ಲ. ಅದು ತನ್ನ ಕೈಯ ಕೆಲಸ ಅಲ್ಲ ಅಂತ ಆತನಿಗೆ ಗೊತ್ತಾಗಿತ್ತು. ಗೊತ್ತಾದದ್ದು ತಡವಾಗಿ.

ಕಥೆ ಮುಗಿಯಿತು. ಪಾಪ ಏಕಪ್ಪ ಅಂತ ನಿಟ್ಟುಸಿರು ಬಿಟ್ಟಿರಿ, ಕೇಳಿಸಿತು. ಏಕಪ್ಪನ ಚಿಂತೆ ಬಿಡಿ, ಆತ ಯಾವತ್ತೋ ಹೋದ. ಈಗ ನಿಮ್ಮ ಮಾತು.

ಮೊದಲಿಗೆ ಒಂದು ಪ್ರಶ್ನೆ ನಿಮ್ಮ ಹತ್ತಿರ ಇಟ್ಟಿದ್ದೆ. ಯಾರಿಗೆ ಕೊಡುತ್ತೀರಿ? ನಾಳೆ ಸಂಜೆ ಹೊಸ ಸೀರೆ ಉಟ್ಟು, ತಟ್ಟೆಯ ಮೇಲೆ ಜರಿಯ ವಸ್ತ್ರ ಮುಚ್ಚಿ ಹೊರಡುತ್ತೀರಿ. ಮೊನ್ನೆ ಮಾತಾಡಿದವರ ಮನೆಗೇ ಹೋಗುತ್ತೀರಿ. ನಿನ್ನೆ ನಕ್ಕವರಿಗೇ ಎಳ್ಳು ಕೊಡುತ್ತೀರಿ. ನಡುವೆ ಒಂದು ಮನೆ ಬರುತ್ತದೆ. ಆ ಮನೆಯ ಮುಂದೆ ಮಾತ್ರ ಹೆಜ್ಜೆ ಜೋರಾಗುತ್ತದೆ. ಹೌದೋ ಅಲ್ಲವೋ? ಅಣ್ಣಂದಿರೇ, ನೀವು ನಗಬೇಡಿ. ನೀವು ಮೊಬೈಲಿನಲ್ಲಿ ಎಳ್ಳುಬೆಲ್ಲದ ಬಟ್ಟಲಿನ ಚಿತ್ರ ಕಳಿಸುತ್ತೀರಿ. ಇನ್ನೂರು ಜನಕ್ಕೆ ಒಂದೇ ಚಿತ್ರ. ಅದರಲ್ಲಿ ಒಬ್ಬನ ಹತ್ತಿರ ನೀವು ತಪ್ಪಿದ್ದೀರಿ. ಅವನಿಗೂ ಅದೇ ಚಿತ್ರ. ಕಳಿಸಿ, 'ನಾನಂತೂ ಕಳಿಸಿದೆ, ಅವನೇ ಉತ್ತರ ಕೊಡಲಿಲ್ಲ' ಅಂತ ಕೂತುಕೊಳ್ಳುತ್ತೀರಿ. ಏಕಪ್ಪನ ಪೆಟ್ಟಿಗೆಗೆ ಹದಿನೈದು ದಿನದ ಕೆಲಸವಾದರೂ ಇತ್ತು. ನಿಮ್ಮದಕ್ಕೆ ಅದೂ ಇಲ್ಲ.

ಅದಕ್ಕೇ ಹೇಳುತ್ತೇನೆ, ನಾಳೆ ಬೆಳಿಗ್ಗೆ ಎದ್ದು ಮೈ ತೊಳೆದುಕೊಂಡ ಮೇಲೆ ಉಣ್ಣುವ ಮೊದಲು ಒಂದು ಕೆಲಸ ಮಾಡಿ. ನೀವು ತಪ್ಪಿದ ಆ ಒಬ್ಬರ ಮನೆಗೆ ಹೋಗಿ. ಬೇರೆಯವರ ಕೈಯಲ್ಲಿ ಕಳಿಸಬೇಡಿ. ಚಂದದ ಡಬ್ಬಿ ಹುಡುಕುತ್ತ ಕೂರಬೇಡಿ, ಅಂಗೈಯಲ್ಲಿ ಹಿಡಿದಷ್ಟು ಎಳ್ಳು ಸಾಕು. ಎಳ್ಳು ಇಲ್ಲದಿದ್ದರೆ ಬರಿಗೈ ಸಾಕು. ಹೋಗಿ, ಮುಖ ನೋಡಿ, 'ನಾನು ತಪ್ಪಿದೆ, ಇಂಥದ್ದರಲ್ಲಿ ತಪ್ಪಿದೆ' ಅಂತ ಬಾಯಿಬಿಟ್ಟು ಹೇಳಿ. ಅವರು ಬೈದರೆ ಬೈಸಿಕೊಳ್ಳಿ. ಬೈಯುವ ದನಿ ಕೇಳುವುದೂ ಒಂದು ಪುಣ್ಯ ಅಂತ ಏಕಪ್ಪನಿಗೆ ತಡವಾಗಿ ಗೊತ್ತಾಯಿತು.

ಇನ್ನೊಂದು, ಮನೆಯೊಳಗಿನ ಮಾತು. ನಿಮ್ಮ ಮಗಳು ರಂಗೋಲಿ ಸೊಟ್ಟ ಹಾಕುತ್ತಾಳೆ. ಸೊಸೆ ರೊಟ್ಟಿಯನ್ನು ಗುಂಡಗೆ ಬಡಿಯಲಾರಳು. ತಮ್ಮ ಗೋಡೆಗೆ ಸುಣ್ಣ ಬಳಿದರೆ ಪಟ್ಟೆ ಪಟ್ಟೆ. ಅಳಿಸಿ ಸರಿ ಮಾಡುವ ಮೊದಲು ಒಂದು ಗಳಿಗೆ ಸುಮ್ಮನೆ ನಿಂತು ನೋಡಿ. ನೀವು ಸೊಟ್ಟ ಅಂದದ್ದು ಯಾವ ಕಡೆಗೆ ತಿರುಗಿ ನೋಡುತ್ತಿದೆಯೋ ಏನೋ. ನಾಲ್ಕು ಜನರ ಮುಂದೆ ನಗಬೇಡಿ.

ಏಳಿ ಇನ್ನು. ಪಾಕ ಗಟ್ಟಿಯಾದೀತು, ಮನೆಗೆ ಹೋಗಿ. ನಾಳೆ ಮಾತ್ರ ಆ ಮನೆಯ ಮುಂದೆ ಹೆಜ್ಜೆ ಜೋರು ಮಾಡಬೇಡಿ. ನಿಲ್ಲಿ. ಬಾಗಿಲು ಬಡಿಯಿರಿ. ಒಳಗೆ ಯಾರೋ ವರ್ಷಕ್ಕೊಮ್ಮೆ ನಿಮ್ಮ ಪೆಟ್ಟಿಗೆಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಾರೆ.